ಕರೆಂಟು ಹೋಗದ ತಲೆ

ಕಳಸದಿಂದ ಹೊರನಾಡಿನವರೆಗೆ, ಎಂಥ ಮಳೆಗಾಲದಲ್ಲಿಯೂ ಕರೆಂಟು ಹೋಗದ ಸ್ಥಳ ಒಂದೇ ಒಂದು ಇದೆಯೆಂಬುದನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ. ಅದು ನಮ್ಮ ದೊಡ್ಡಪ್ಪನವರ ತಲೆ! ದಯವಿಟ್ಟು ಉತ್ಪ್ರೇಕ್ಷೆಯೆಂದು ಭಾವಿಸಬಾರದು. ಪಾರ್ಕಿನ್ಸನ್ ಕಾಯಿಲೆಯ ನಿಮಿತ್ತ ಅವರ ಮಿದುಳಿನೊಳಗೆ ಎರಡು ಸಣ್ಣ ತಂತಿಗಳನ್ನೂ, ಎದೆಯ ಚರ್ಮದ ಕೆಳಗೆ ಒಂದು ಬ್ಯಾಟರಿಯನ್ನೂ ವೈದ್ಯರು ಕೂರಿಸಿದ್ದಾರೆ. ಲೈನ್‌ಮನ್ ಕಂಡಾಗಲೆಲ್ಲ ದೊಡ್ಡಪ್ಪ ಎದೆ ತಟ್ಟಿಕೊಂಡು, "ನಿಮ್ಮ ಹಂಗು ನಂಗಿಲ್ಲ ಮಾರಾಯ!" ಎನ್ನುವುದು ವಾಡಿಕೆ.

ಇದಕ್ಕೂ ಹಿಂದಿನ ಪರಿಸ್ಥಿತಿಯನ್ನು ನಿವೇದಿಸುವುದು ಅವಶ್ಯ. ಬಾಗಿಲು ಬಂದರೆ ಸಾಕು, ಅವರ ಕಾಲುಗಳು ನೆಲಕ್ಕೆ ಅಂಟಿಕೊಳ್ಳುತ್ತಿದ್ದವು. ಜಗುಲಿಯಲ್ಲಿ ಮನುಷ್ಯ, ಹೊಸ್ತಿಲಲ್ಲಿ ಕಂಬ! ಎದುರಿಗೆ ಏನಾದರೂ ಅಡ್ಡ ಇಟ್ಟರೆ ಅದನ್ನು ದಾಟಲು ಕಾಲು ತಾನಾಗಿ ಏಳಬಹುದೆಂದು ವೈದ್ಯರು ತಿಳಿಸಿದ್ದರು. ಕೋಲು ಹುಡುಕುವ ವ್ಯವಧಾನವಿಲ್ಲದ ದೊಡ್ಡಮ್ಮ ಕೈಯಲ್ಲಿದ್ದ ಪೊರಕೆಯನ್ನೇ ಅಡ್ಡ ಹಾಕಿದರು. ಪೊರಕೆಗೆ ಕಾಲು ತಾಗಿಸುವುದುಂಟೇ? ಸಾಕ್ಷಾತ್ ಲಕ್ಷ್ಮಿಯಲ್ಲವೇ! ದೊಡ್ಡಪ್ಪ ಮೊಣಕಾಲನ್ನು ಎದೆಯವರೆಗೆ ಎತ್ತಿ ದಾಟಿದವರೇ ತಿರುಗಿ ಅದಕ್ಕೆ ಕೈಮುಗಿದರು.

"ಅನಿಷ್ಟ ಮಾರಾಯ್ತಿ, ಪೊರಕೆ ದಾಟ್ಸಿದ್ಯಲ್ಲೆ!"

"ದಾಟಿದ್ರಲ್ಲ, ಅದು ಹೇಳಿ. ನಿಮ್ಮ ಮಾತ್ರೆಗಿಂತ ನನ್ನ ಪೊರಕೆಗೇ ಪವರ್ ಜಾಸ್ತಿ!"

ಆದರೆ ಪೊರಕೆಯ ಬಲದಿಂದ ಕಾಫಿ ಕಣದವರೆಗೆ ಹೋಗಲು ಸಾಧ್ಯವಿರಲಿಲ್ಲ. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಒಣಹಾಕಿದ ಕಾಫಿಹಣ್ಣನ್ನು ಬರಿಗಾಲಿನಲ್ಲಿ ತಾವೇ ಮಗುಚುವುದು ದೊಡ್ಡಪ್ಪನವರ ಜೀವಮಾನದ ಹಟ. ಪಾದ ಎತ್ತಕೂಡದು, ನೆಲಕ್ಕೆ ಒತ್ತಿ ಎಳೆಯುತ್ತ ಸಾಗಬೇಕು. ಬೇರೆಯವರು ಮಗುಚಿದ್ದು ಅವರಿಗೆ ಒಪ್ಪಿಗೆಯಾಗದು. ಕುರ್ಚಿಯಲ್ಲಿ ಕೂತು ನೋಡಿದ ಕೊಯ್ಲುಗಳು ಅವರನ್ನು ಬಹಳ ಕುಗ್ಗಿಸಿದ್ದವು. "ಈ ಸಲನೂ ಕಣಕ್ಕೆ ಇಳೀದಿದ್ರೆ ನಾನು ಇದ್ದಾದ್ರೂ ಎಂತಕ್ಕೆ?" ಎಂದರು. ತಲೆಗೆ ತೂತು ಕೊರೆಸಿಕೊಳ್ಳಲು ಒಪ್ಪಿದ್ದು ಆ ಒಂದು ಕಾರಣಕ್ಕೆ.

ತಂತಿ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಬ್ಬೊಬ್ಬರ ನಡಿಗೆಗೆ ಒಂದೊಂದು ಅಳತೆಯ ಕರೆಂಟು. ನಡೆಸಿ ನೋಡಿಯೇ ಹೊಂದಿಸಬೇಕು. ಘಟ್ಟದ ಕೆಳಗಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ವೈದ್ಯೆಯವರು ಆ ಕರೆಂಟಿನ ಅಳತೆ ಬದಲಿಸುವ ಟ್ಯಾಬ್ ಹಿಡಿದು, "ಮನೇಲಿ ಹೇಗೆ ನಡೀತೀರೋ ಹಾಗೇ ನಡೀರಿ" ಎಂದು ಸೂಚಿಸಿದರು. ದೊಡ್ಡಪ್ಪ ಸದರಿ ಸೂಚನೆಯನ್ನು ಅಕ್ಷರಶಃ ಪಾಲಿಸಿದರು! ಚಪ್ಪಲಿ ಬಿಟ್ಟು, ಕೈ ಹಿಂದೆ ಕಟ್ಟಿ, ಪಾದ ಎಳೆಯುತ್ತ ಕಾರಿಡಾರಿನಲ್ಲಿ ಹೊರಟರು. ವೈದ್ಯೆಯವರ ಮುಖ ಗಂಭೀರವಾಯಿತು. ಅಳತೆ ಬದಲಿಸಿದರು, ಎಳೆತ ನಿಲ್ಲಲಿಲ್ಲ. ಮತ್ತೆ ಬದಲಿಸಿದರು, ಇನ್ನೂ ಸೊಗಸಾದ ಎಳೆತ! ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ.

"ಡಾಕ್ಟ್ರೇ, ಅದು ಕಾಯಿಲೆ ಅಲ್ಲ, ಕಾಫಿ ಮಗುಚೋದು! ರೀ, ಕಾಲೆತ್ತಿ ಮಾರಾಯ್ರೆ, ಇಲ್ಲಿ ಎಂತ ಹಣ್ಣು ಹರವಿದ್ದಾರಾ?"

"ಮನೇಲಿ ನಡ್ದಂಗೆ ಅಂತ ಅವ್ರೇ ಹೇಳಿದ್ರಲ್ಲೆ!"

ವೈದ್ಯೆಯವರು ಟ್ಯಾಬನ್ನು ದಾದಿಯ ಕೈಗಿತ್ತು, ಗೋಡೆಯ ಕಡೆ ತಿರುಗಿ ನಕ್ಕರು.

ಕಾಲೆತ್ತಿ ನಡೆಸಿದಾಗ ಕೊನೆಗೆ ಎರಡು ಅಳತೆಗಳು ಉಳಿದವು. ಒಂದರಲ್ಲಿ ದೊಡ್ಡಪ್ಪ ಬಾಣದಂತೆ ಸಾಗಿದರು. ಇನ್ನೊಂದರಲ್ಲಿ ನಿಧಾನ, ಆದರೆ ಎರಡರಲ್ಲೂ ಬಾಗಿಲಲ್ಲಾಗಲಿ ತಿರುವಿನಲ್ಲಾಗಲಿ ಕಾಲು ಕಟ್ಟಲಿಲ್ಲ. "ಎರಡೂ ಸುರಕ್ಷಿತವೇ. ಯಾವುದು ಬೇಕು?" ಎಂದು ವೈದ್ಯೆಯವರು ವಿಚಾರಿಸಿದರು. ಕಣಕ್ಕೆ ಓಡುವ ಅವಸರದವರು ಬಾಣವನ್ನಲ್ಲದೆ ಇನ್ನೇನನ್ನು ಆರಿಸಿಯಾರು?

"ಇವಳನ್ನೂ ಒಂದ್ಸಲ ನನ್ನ ಪಕ್ಕ ನಡೆಸಿ ಡಾಕ್ಟರಮ್ಮ" ಎಂದರು ದೊಡ್ಡಪ್ಪ. "ಮದುವೆ ಆದಾಗಿಂದ ನಾನು ಮುಂದೆ, ಇವಳು ಹಿಂದೆ ಓಡಿದ್ದೇ ಆಯ್ತು. ಕಾಲು ಸೋತ ಮೇಲೇ ಗೊತ್ತಾಗಿದ್ದು, ಇವಳು ನಡೀತಾ ಮೆಲ್ಲಗೆ ಹಾಡ್ಕೊಳ್ತಾಳೆ ಅಂತ. ಅದು ಕೇಳೋ ಅಷ್ಟು ಸ್ಪೀಡ್ ಇಡಿ, ಸಾಕು."

"ಅದೆಂತ, ಡಾಕ್ಟ್ರ ಎದ್ರು ಹೇಳೋದಾ!" ಎಂದು ದೊಡ್ಡಮ್ಮ ಗದರಿದರು. ಆದರೂ ಎದ್ದು ಪಕ್ಕದಲ್ಲಿ ನಿಂತರು.

ಈ ಕೊಯ್ಲಿನಲ್ಲಿ ದೊಡ್ಡಪ್ಪ ಕಣಕ್ಕೆ ಇಳಿದರು. ಬೇರೆಯವರಿಗೆ ಬೈಯುವುದನ್ನೂ ಮರೆತು, ಪಕ್ಕದಲ್ಲೇ ನಡೆಯುತ್ತಿದ್ದ ದೊಡ್ಡಮ್ಮನ ಕಡೆಗೆ ಕುತ್ತಿಗೆ ಕೊಂಚ ವಾಲಿಸಿ, ಪಾದ ಎಳೆಯುತ್ತ ಸಾಗುತ್ತಿದ್ದರು.