ಎರಡು ಪತ್ರಿಕೆ ಬರೆದಿರಬೇಕು

ಗಡಿಯಾರ ರಿಪೇರಿ ಮಾಡುವ ಆ ಮನುಷ್ಯನ ಅಂಗಡಿಗೆ ಮಧ್ಯಾಹ್ನ ಗಿರಾಕಿಗಳು ಬರುವುದು ಅಷ್ಟಕ್ಕಷ್ಟೆ. ಆ ಹೊತ್ತಿನಲ್ಲಿ ಅವನು ಕಂಪ್ಯೂಟರ್ ಮುಂದೆ ಕೂತು ಲೋಕದ ಗಣ್ಯರನ್ನು ಜರಡಿ ಹಿಡಿಯುತ್ತಿದ್ದ. ಅಂತರ್ಜಾಲದ ವಿಶ್ವಕೋಶವೊಂದಕ್ಕೆ ಯಾರು ಸೇರಬೇಕು, ಯಾರು ಸೇರಬಾರದು ಎಂದು ತೀರ್ಮಾನಿಸುವ ಸ್ವಯಂಸೇವಕರಲ್ಲಿ ಅವನೂ ಒಬ್ಬ. (ಸಂಬಳವಿಲ್ಲ. ಗತ್ತಿಗೇನೂ ಕೊರತೆಯಿಲ್ಲ.) "ಅವರ ಬಗ್ಗೆ ಎರಡು ಪತ್ರಿಕೆ ಬರೆದಿರಬೇಕು, ಸಂಬಂಧಿಕರ ಮಾತು ನಡೆಯದು" ಎಂಬ ನಿಯಮ ಬರೆದು, ಹಟ ಹಿಡಿದು ಎಲ್ಲರನ್ನೂ ಒಪ್ಪಿಸಿದವನೂ ಅವನೇ.

ಆ ನಿಯಮಕ್ಕೆ ಮೊದಲು ಬಲಿಯಾದದ್ದು ಜಾದೂ ಮಾಡುವ ಅವನ ಭಾವಮೈದುನ.

"ನನ್ನ ತಮ್ಮ ರೀ ಅವನು! ಟೋಪಿಯಿಂದ ಮೊಲ ತೆಗೀತಾನೆ!" ಪಕ್ಕದ ಕೋಣೆಯಿಂದ ಹೆಂಡತಿ ಕೂಗಿದಳು. ಅವಳು ನಾಟಕದವರಿಗೆ ಉಡುಪು ಹೊಲಿಯುವವಳು.

"ನೋಡಿದವರು ಯಾರು?"

"ನಾನೇ ನೋಡಿದೀನಲ್ಲ!"

"ನೀನು ಅಕ್ಕ. ನಿನ್ನ ಸಾಕ್ಷಿ ನಡೆಯಲ್ಲ ಕಣೇ."

"ಅಯ್ಯೋ, ದೊಡ್ಡ ನ್ಯಾಯಾಧೀಶರು! ನಮ್ಮನೆ ಗೋಡೆ ಗಡಿಯಾರ ನಿಂತು ಆರು ತಿಂಗಳಾಯ್ತು. ಮೊದಲು ಅದಕ್ಕೆ ನ್ಯಾಯ ಕೊಡಿ."

ಅವನಿಗೆ ಅದು ಕೇಳಿಸಲೇ ಇಲ್ಲ. ಹೊಲಿಗೆ ಮೆಷಿನ್ನಿನ ಗುಂಯ್ ಸದ್ದು, ಅಂಗಡಿ ತುಂಬ ಟಿಕ್ ಟಿಕ್, ಕಿಟಕಿಯ ಬೆಚ್ಚನೆ ಬಿಸಿಲು, ಎಲ್ಲ ಸೇರಿ ಕಣ್ಣಿಗೆ ಮಂಪರು ಹತ್ತುತ್ತಿತ್ತು. ಆಗ ತೇಲಿ ಬರುತ್ತಿತ್ತು ಅವನದೇ ಪುಟ: ಬಲಗಡೆ ಫೋಟೊ, ಕೆಳಗೆ ಬಾಲ್ಯ, ಸಾಧನೆ, ಪ್ರಭಾವ. ಸಾಧನೆಯ ಭಾಗ ಇನ್ನೂ ಖಾಲಿ, ಪ್ರಭಾವ ಮಾತ್ರ ಮೂರು ಪುಟ. ನಿಜ ಹೇಳಬೇಕೆಂದರೆ, ಆ ಪುಟಕ್ಕಾಗಿ ಅವನ ಜೀವ ಬಾಯಿ ಬಾಯಿ ಬಿಡುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಇಬ್ಬರು ವರದಿಗಾರರು ಬಾಗಿಲಿಗೆ ಬಂದರು. ಬೇರೆ ಬೇರೆ ಪತ್ರಿಕೆಯವರು. ಎರಡು ಪತ್ರಿಕೆ! ಅವನು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನೂ ತೆಗೆಯದೆ ತಲೆ ಬಾಚಿಕೊಂಡು, "ಬಾಲ್ಯದಿಂದ ಶುರು ಮಾಡೋಣ್ವಾ?" ಎಂದ.

"ಉಡುಪು ಹೊಲಿಯೋ ಅಮ್ಮ ಇದ್ದಾರಾ?" ಎಂದರು ಅವರು.

ಅವಳ ಮೂವತ್ತು ವರ್ಷದ ಕೆಲಸವನ್ನೆಲ್ಲ ಕೆದಕಿ ಕೇಳಿ, ಕೊನೆಗೆ ಒಬ್ಬರು "ನಿಮ್ಮ ಯಜಮಾನರು ಏನು ಮಾಡ್ತಾರೆ?" ಎಂದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಅವಳು ಚುಟುಕಾಗಿ, "ಕನಸು ಕಾಣ್ತಾರೆ" ಎಂದಳು. ಎರಡೂ ಪತ್ರಿಕೆಗಳಲ್ಲಿ ಅದು ಅಚ್ಚಾಯಿತು.

ವಾರದೊಳಗೆ ವಿಶ್ವಕೋಶದಲ್ಲಿ ಅವಳ ಪುಟ ಬಂತು. ಕೊನೆಯ ಸಾಲು: "ಇವರ ಪತಿ ಕನಸು ಕಾಣುತ್ತಾರೆ." ಪಕ್ಕದಲ್ಲೇ ಎರಡು ಪತ್ರಿಕೆಗಳ ಆಧಾರ. ಅವನು ಹೌಹಾರಿ ಸಾಲನ್ನು ಅಳಿಸಿ, "ಇವರ ಪತಿ ಖ್ಯಾತ ಗಡಿಯಾರ ತಜ್ಞರು" ಎಂದು ಬರೆದು, "ನಾನೇ ಆ ಪತಿ" ಎಂದು ಕಾರಣವನ್ನೂ ಕೊಟ್ಟ. ಐದೇ ನಿಮಿಷದಲ್ಲಿ ಹಳೆಯ ಸಾಲು ವಾಪಸ್ಸು ಬಂದು ಕೂತಿತು. ಜೊತೆಗೊಂದು ಟಿಪ್ಪಣಿ: "ಸಂಬಂಧಿಕರ ಮಾತು ನಡೆಯದು."

"ಹೋಗ್ಲಿ ಬಿಡಿ," ಎಂದಳು ಹೆಂಡತಿ. "ಅಂತೂ ನಿಮ್ಮ ಹೆಸರೂ ಅದರೊಳಗೆ ಸೇರ್ತಲ್ಲ."

"ಹೆಸರೆಲ್ಲಿದೆ ಕಣೇ? ಬರೀ 'ಪತಿ' ಅಂತಿದೆ!"

ಅವಳು ಬಗ್ಗಿ ನೋಡಿದಳು. ನಿಜವಾಗಿಯೂ ಮರುಗಿದಳು. "ಅಯ್ಯೋ ಪಾಪ! ನಾನೇ ಹೆಸರು ಹೇಳಿ ಬರೆಸ್ತಿದ್ದೆ ರೀ. ಆದ್ರೆ ನಾನು ಹೆಂಡತಿ ನೋಡಿ, ನನ್ನ ಸಾಕ್ಷಿ ನಡೆಯಲ್ವಲ್ಲ!"

ಅವನು ಸ್ಟೂಲ್ ಹತ್ತಿ, ಗೋಡೆ ಗಡಿಯಾರವನ್ನು ಕೆಳಗಿಳಿಸಿದ.