ಬಾರದೆಯೇ ಬಂದ ಬಾಗಿಲು

ಹೆಂಡತಿ: ಮರ್ಜ್ ಆಗಿದೆ ಅಂತ ಬರೆದಿದೆಯಾ ಅಂತ ನಾನು ಕೇಳಲಿಲ್ಲ. ಮರ್ಜ್ ಆಗಿದೆಯಾ ಅಂತ ಕೇಳಿದೆ.

ಗಂಡ: ಎರಡೂ ಒಂದೇ ಅಲ್ವೇನೇ? ಬಾಕಿ ಏನೂ ಇಲ್ಲ ಅಂತ ಸಿಸ್ಟಮ್ಮೇ ಹೇಳ್ತಿದೆ.

ಹೆಂಡತಿ: ಆಫೀಸಲ್ಲಿ ‘ಏನೇ’ ಬೇಡ ಅಂದಿದ್ದೆ.

ಗಂಡ: ಸರಿ, ಮೇಡಂ.

ಇಬ್ಬರದೂ ಒಂದೇ ಆಫೀಸು, ಎದುರುಬದುರು ಮೇಜು. ಲಿಫ್ಟ್ ಓಡಿಸುವ ಪ್ರೋಗ್ರಾಮು ಬರೆಯುವುದು ಕಸುಬು. ಪ್ರೋಗ್ರಾಮು ಒಂದೇ, ಅದರ ಪ್ರತಿ ಎರಡು; ಒಂದೊಂದು ಪ್ರತಿಗೂ ಬ್ರಾಂಚು ಎಂದು ಹೆಸರು. ಗಂಡ ಹೊಸ ಕೆಲಸ ಮಾಡುವುದು ಒಂದರಲ್ಲಿ. ಗಿರಾಕಿಗೆ ಹೋಗುವ ಇನ್ನೊಂದಕ್ಕೆ ಹೆಂಡತಿ ಒಡತಿ. ಅಲ್ಲಿ ಮಾಡಿದ್ದನ್ನು ಇಲ್ಲಿಗೆ ತಂದು ಸೇರಿಸುವುದೇ ಮರ್ಜ್. ಯಾವುದು ಬಂತು, ಯಾವುದು ಬರಬೇಕು ಎಂದು ಸಿಸ್ಟಮ್ಮು ಗುರುತಿಟ್ಟುಕೊಳ್ಳುತ್ತದೆ. ಒಂದೇ ಕೆಲಸವನ್ನು ಎರಡು ಕಡೆ ಹರಡಿ, ಆಮೇಲೆ ಸೇರಿಸಲು ಒದ್ದಾಡುವುದಕ್ಕೆ ಈ ಕಸುಬಿನಲ್ಲಿ ಶಿಸ್ತು ಎನ್ನುತ್ತಾರೆ.

ನಡುವೆ ಯಾರಾದರೂ ನಿಂತರೆ ಲಿಫ್ಟಿನ ಬಾಗಿಲು ಮತ್ತೆ ತೆರೆಯಬೇಕು. ಆ ತಿದ್ದುಪಡಿ ಬರೆದವನು ಗಂಡ. ಅದನ್ನು ನಂಬಿಕೊಂಡು ಆಸ್ಪತ್ರೆಯೊಂದರ ಲಿಫ್ಟು ಇವತ್ತು ಮಧ್ಯಾಹ್ನ ಶುರುವಾಗಬೇಕಿತ್ತು. ಬೆಳಿಗ್ಗೆ ಆಫೀಸಿನ ಪರೀಕ್ಷಾ ಲಿಫ್ಟಿನಲ್ಲಿ ಹೆಂಡತಿ ಊಟದ ಡಬ್ಬಿಯನ್ನು ಅಡ್ಡ ಹಿಡಿದು ನೋಡಿದಳು. ಈಗ ಆ ಡಬ್ಬಿ ಜಜ್ಜಿಹೋಗಿ ಮೇಜಿನ ಮೇಲೆ ಕೂತಿದೆ.

ಹೆಂಡತಿ: ಇದರ ಜಾಗದಲ್ಲಿ ಯಾರದೋ ಕಾಲಿದ್ದಿದ್ರೆ?

ಗಂಡ: ಡಬ್ಬಿ ತೆಳು ತಗಡಿಂದು.

ಹೆಂಡತಿ: ಕಾಲು ಉಕ್ಕಿಂದಾ? ಏನು ಮಾಡಿದ್ರಿ, ನೆಟ್ಟಗೆ ಹೇಳಿ.

ಗಂಡ: ಮರ್ಜ್ ಮಾಡೋಕೆ ಹೋದೆ. ಎರಡೂ ಕಡೆ ಅದೇ ಸಾಲು ಬದಲಾಗಿದೆ, ಯಾವುದು ಇಟ್ಕೊಳ್ಳಲಿ ಅಂತ ಕೇಳ್ತು. ಊಟದ ಹೊತ್ತಾಗಿತ್ತು. ತರದೇನೇ ‘ಬಂದಿದೆ’ ಅಂತ ಗುರುತು ಮಾತ್ರ ಹಾಕೋ ಸೌಲಭ್ಯ ಇದೆಯಲ್ಲ, ಅದನ್ನ ಒತ್ತಿದೆ. ಆಮೇಲೆ ತಂದ್ರಾಯ್ತು ಅಂತ.

ಹೆಂಡತಿ: ಗುರುತು ಬಿದ್ಮೇಲೆ ಅದು ಮತ್ತೆ ನೆನಪಿಸುತ್ತಾ?

ಗಂಡ: ಇಲ್ಲ. ಬಂದಿದೆ ಅಂದ್ಕೊಂಡು ಸುಮ್ಮನಾಗಿಬಿಡ್ತು. ನೋಡು, ಎಂಥ ದಡ್ಡ ಸಿಸ್ಟಮ್ಮು.

ಹೆಂಡತಿ: ಘನಂದಾರಿ ಕೆಲಸ. ಅಡುಗೆಮನೆ ನಲ್ಲಿ ರಿಪೇರಿ ಮಾಡಿದೆ ಅಂದ್ರಿ, ಇನ್ನೂ ಸೋರ್ತಿದೆ. ಅಮ್ಮನಿಗೆ ಫೋನ್ ಮಾಡಿದೆ ಅಂದ್ರಿ. ಅತ್ತೆ ನನಗೆ ಫೋನ್ ಮಾಡಿ, ಮಗ ಬದುಕಿದಾನಾ ಅಂತ ಕೇಳಿದ್ರು. ನಿಮ್ಮ ಇಡೀ ಸಂಸಾರ ಬರೀ ಗುರುತಲ್ಲೇ ನಡೀತಿದೆ.

ಗಂಡ: ಒಂದು ಮಾತು, ಮೇಡಂ. ನಿಮ್ಮ ಬ್ರಾಂಚಿಗೆ ಏನು ಬರಬೇಕಾದ್ರೂ ನೀವು ನೋಡಿ ಒಪ್ಪಬೇಕಲ್ವಾ?

ಹೆಂಡತಿ: ಇಲ್ದಿದ್ರೆ ಒಂದಕ್ಷರಾನೂ ಒಳಗೆ ಬರಲ್ಲ.

ಗಂಡ: ಒಂದಕ್ಷರಾನೂ ಬಂದಿಲ್ಲ, ನಿಜ. ಆದ್ರೆ ನೀವು ಒಪ್ಪಿದ್ರಿ. ‘ಪೂರ್ತಿ ನೋಡಿದೆ, ಅಚ್ಚುಕಟ್ಟಾಗಿದೆ’ ಅಂತ ಬರೆದಿದೀರಿ. ಖಾಲಿ ಮರ್ಜಿನಲ್ಲಿ ಏನು ಅಚ್ಚುಕಟ್ಟಾಗಿ ಕಾಣ್ತು?

ಹೆಂಡತಿ ತನ್ನ ಪರದೆಯಲ್ಲಿ ಹುಡುಕಿ ನೋಡಿದಳು. ಬರೆದದ್ದು ನಿಜವಾಗಿತ್ತು.

ಹೆಂಡತಿ: ನೀವು ಮಾಡಿದ್ದಲ್ವಾ ಅಂತ ನಂಬಿದೆ.

ಗಂಡ: ಮನೇಲಿ ಒಂದು ದಿನಾನೂ ನಂಬಿದವಳಲ್ಲ. ಆಫೀಸಲ್ಲಿ ಯಾಕೆ ಶುರು ಮಾಡಿದೆ?

ಅವಳು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ತಪ್ಪೊಪ್ಪಿಕೊಂಡು ಲಿಫ್ಟನ್ನು ನಿಲ್ಲಿಸಿ ಎನ್ನಬೇಕು, ಕೆಲಸ ಹೋದರೆ ಹೋಗಲಿ ಎಂದುಕೊಂಡು ಆಸ್ಪತ್ರೆಯ ಕಟ್ಟಡ ನೋಡಿಕೊಳ್ಳುವ ಮ್ಯಾನೇಜರಿಗೆ ಫೋನ್ ಮಾಡಿದಳು. ಅವಳು ಬಾಯಿ ತೆರೆಯುವ ಮೊದಲೇ ಅವರು ಮಾತಾಡಿದರು.

ಮ್ಯಾನೇಜರ್: ನಾನೇ ಮಾಡೋಣ ಅಂತಿದ್ದೆ, ಮೇಡಂ. ನಿಮ್ಮ ಬಾಗಿಲ ತಿದ್ದುಪಡಿ ಪರೀಕ್ಷೆ ಮಾಡಿದ್ವಿ. ಬಹಳ ಚೆನ್ನಾಗಿದೆ. ನಡುವೆ ನಾನೇ ನಿಂತಿದ್ದೆ, ಮೈ ಮುಟ್ಟೋದ್ರೊಳಗೆ ತೆರ್ಕೊಳ್ತು.

ಹೆಂಡತಿ: ನೀವೇ ನಿಂತಿದ್ರಾ?

ಮ್ಯಾನೇಜರ್: ಖುದ್ದಾಗಿ. ವರದಿಗೆ ಸಹೀನೂ ಹಾಕಿದೀನಿ.

ಹೆಂಡತಿ ಜಜ್ಜಿದ ಡಬ್ಬಿಯನ್ನೇ ನೋಡಿದಳು. ಸಹಿ ಬಿದ್ದಿದೆಯಲ್ಲ, ಇನ್ನು ಬಾಯಿ ಬಿಡಬೇಡ ಎಂದು ಗಂಡ ಕೈಸನ್ನೆ ಮಾಡಿದ. ಅವಳು ಅವನಿಗೆ ಬೆನ್ನು ತಿರುಗಿಸಿದಳು.

ಹೆಂಡತಿ: ಸಂತೋಷ, ಸಾರ್. ಮಧ್ಯಾಹ್ನ ನಾನೂ ಬರ್ತೀನಿ. ಎಲ್ಲರೆದುರು ಇನ್ನೊಂದ್ಸಲ ಹಾಗೇ ನಿಂತು ತೋರಿಸ್ತೀರಾ?

ಫೋನಿನಲ್ಲಿ ಕಾಗದ ತಿರುವಿಹಾಕುವ ಸದ್ದಾಯಿತು.

ಮ್ಯಾನೇಜರ್: ನಾಳೆಗೆ ಇಟ್ಕೊಂಡ್ರೆ ಹೇಗೆ, ಮೇಡಂ?

ಅವಳು ಆಗಲಿ ಎಂದಳು. ತಿದ್ದುಪಡಿ ತಮ್ಮ ಆಫೀಸಿನಿಂದ ಹೋಗೇ ಇಲ್ಲ, ಅದು ಬರುವವರೆಗೆ ಲಿಫ್ಟಿಗೆ ಬೀಗ ಹಾಕಿಸಿ ಎಂದೂ ಹೇಳಿ ಫೋನ್ ಇಟ್ಟಳು.

ಹೆಂಡತಿ: ಆ ಗುರುತು ಅಳಿಸಿ, ನಿಜವಾಗಿ ತನ್ನಿ. ಪ್ರತಿ ಸಾಲೂ ನಾನು ನೋಡ್ತೀನಿ. ನಾಳೆ ಬಾಗಿಲ ನಡುವೆ ನಿಲ್ಲೋದು ನೀವು.

ಗಂಡ: ನಾನ್ಯಾಕೆ?

ಹೆಂಡತಿ: ಮಗ ಬದುಕಿದಾನಾ ಅಂತ ಅತ್ತೆ ಮತ್ತೆ ಕೇಳಿದ್ರೆ, ನೋಡಿಯೇ ಹೇಳಬೇಕಲ್ಲ.

ಗಂಡ ಅಂದು ಊಟಕ್ಕೆ ಏಳಲಿಲ್ಲ.