ಪಾದಪೂಜೆಯೂ ನನ್ನ ಕರುಳೂ

ನನ್ನ ಹೊಟ್ಟೆಯ ಬಗ್ಗೆ ನನಗಿರುವಷ್ಟು ಭಯಭಕ್ತಿ ಯಾವ ದೊಡ್ಡ ಮನುಷ್ಯರ ಬಗ್ಗೆಯೂ ಇಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ, ಕೆಲಸದ ಇಂಟರ್‌ವ್ಯೂ, ಮದುವೆಯ ಮುಹೂರ್ತ, ಯಾವ ಗಂಭೀರ ಗಳಿಗೆಯಲ್ಲೂ ಅದು ತನ್ನ ಹಾಜರಿ ಹಾಕದೆ ಬಿಟ್ಟಿಲ್ಲ. ತಲೆಗೆ ಗಾಬರಿ ತಟ್ಟುವ ಮೊದಲೇ ಕರುಳಿಗೆ ಸುದ್ದಿ ಮುಟ್ಟಿರುತ್ತದೆ. (ಮೈಸೂರಿನ ನಮ್ಮ ಒಂಟಿಕೊಪ್ಪಲಿನಲ್ಲಿ ಮನೆಮನೆಗೂ ಟೆಲಿಫೋನ್ ಬಂದಿದೆ. ಇಷ್ಟು ಚುರುಕಾದ ಕನೆಕ್ಷನ್ ಇನ್ಯಾರಿಗೂ ಇಲ್ಲ.)

ಹೀಗಿರುವಾಗ, ತೊಂಬತ್ತೆಂಟನೇ ಇಸವಿಯಲ್ಲಿ, ನಮ್ಮ ಮಠದ ಸ್ವಾಮಿಗಳು ಪಾದಪೂಜೆಗೆ ನಮ್ಮ ಮನೆಗೆ ಬರಲು ಒಪ್ಪಿದರು. ಹನ್ನೊಂದು ವರ್ಷ ಬೇಡಿಕೊಂಡ ಮೇಲೆ ಸಿಕ್ಕ ಭಾಗ್ಯ. ಗಂಡ ಹೆಂಡತಿ ಜೊತೆಯಾಗಿ ಕೂತು ಮಾಡಬೇಕಾದ ಪೂಜೆ. ನಡುವೆ ಏಳುವಂತಿಲ್ಲ.

“ರೀ, ನನ್ನ ತವರಿನೋರೆಲ್ಲ ಬರ್ತಾರೆ. ಬುದ್ಧಿಯೋರ ಪಾದ ಹಿಡ್ಕೊಂಡಿರೋವಾಗ ಎದ್ದು ಓಡಿದ್ರೋ, ನಾನು ಈ ಮನೇಲಿರಲ್ಲ, ನೋಡ್ಕೊಳ್ಳಿ!” ಎಂದಳು ನನ್ನ ಹೆಂಡತಿ ಗಿರಿಜಾಂಬಾ.

ಅಷ್ಟು ಸಾಕಾಯಿತು. ಆ ಸಂಜೆಯೇ ನಾಲ್ಕು ಸಲ ಹಿತ್ತಲಿಗೆ ಓಡಿದೆ.

ಡಾಕ್ಟರ್ ಕೃಷ್ಣಸ್ವಾಮಿಯವರು ಹೊಟ್ಟೆ ಒತ್ತಿ ನೋಡಿ ನಕ್ಕರು. “ಹೊಟ್ಟೇಲಿ ಏನೂ ತೊಂದರೆ ಇಲ್ಲ ಕಣ್ರೀ. ಮನಸ್ಸಿಗೆ ಟೆನ್ಷನ್ ಆದ್ರೆ ಕರುಳು ಕೆಲವರಿಗೆ ಓಟ ಕೀಳುತ್ತೆ, ಕೆಲವರಿಗೆ ಮುಷ್ಕರ ಹೂಡುತ್ತೆ. ಅದಕ್ಕೇ ಅಂತ ಕೋಟಿಗಟ್ಟಲೆ ನರಕೋಶ ಇದೆ, ಗೊತ್ತಾ?”

ಕೋಟಿಗಟ್ಟಲೆ! ಬೆರಗಾಗಿ ಹೊಟ್ಟೆ ಸವರಿಕೊಂಡೆ. ಇಷ್ಟು ವರ್ಷ ಇಡ್ಲಿ ತುಂಬುವ ಚೀಲವೆಂದುಕೊಂಡಿದ್ದೆನಲ್ಲ, ಒಳಗೆ ಒಂದು ಮಹಾಸಂಸ್ಥಾನವೇ ದರ್ಬಾರು ನಡೆಸುತ್ತಿತ್ತು!

ಮನೆಗೆ ಬರುವ ದಾರಿಯಲ್ಲೇ ಉಪಾಯ ಹೊಳೆಯಿತು. “ಗಿರಿಜಾ, ಪೂಜೆ ಯಾವತ್ತು ಅಂತ ನನಗೆ ಹೇಳ್ಲೇಬೇಡ. ಗೊತ್ತಿಲ್ದೇ ಇರೋ ದಿನಕ್ಕೆ ಕರುಳು ಹೆಂಗೆ ಹೆದರುತ್ತೆ?”

ಹೆದರಿತು. ಯಾವ ದಿನವೆಂದು ಗೊತ್ತಿಲ್ಲದ್ದರಿಂದ ದಿನವೂ ಹೆದರಿತು. ಬೀದಿಯಲ್ಲಿ ಕಾರಿನ ಸದ್ದಾದರೆ ಸಾಕು, ನಾನು ಹಿತ್ತಲಲ್ಲಿರುತ್ತಿದ್ದೆ. ಮೂರನೆಯ ದಿನ ಅವಳೇ ಬಂದು, “ಬುದ್ಧಿಯೋರು ಕಾಶಿಗೆ ಹೊರಟ್ರಂತೆ. ಈ ವರ್ಷ ಬರಲ್ವಂತೆ, ಬುಡಿ” ಎಂದಳು.

ಅವಳ ಮಾತು ಮುಗಿಯುವುದರೊಳಗೆ ಹೊಟ್ಟೆ ತಣ್ಣಗಾಯಿತು. ಮುಂದಿನ ಹದಿನೈದು ದಿನ ಬೋಂಡ, ಹಲಸಿನ ಹಣ್ಣು, ಅವರೆಕಾಳು ಹುಳಿ ಎಲ್ಲವೂ ಸದ್ದಿಲ್ಲದೆ ಅರಗಿದವು.

ಹದಿನಾರನೆಯ ದಿನ ಬೆಳಿಗ್ಗೆ ಬನಿಯನ್ನಿನಲ್ಲಿ ಕೂತು ಪೇಪರ್ ಓದುತ್ತಿದ್ದಾಗ ಬಾಗಿಲಿಗೆ ಮಠದ ಕಾರು ಬಂದು ನಿಂತಿತು. ಪಕ್ಕದ ಮನೆ ನೀಲಮ್ಮನವರ ಹಜಾರದಿಂದ ಹೆಂಡತಿಯ ತವರಿನವರೆಲ್ಲ ಹಣ್ಣು ಹೂವಿನ ತಟ್ಟೆ ಹಿಡಿದು ಹೊರಬಂದರು. ಅಡುಗೆಯೂ ಅಲ್ಲೇ ಆಗಿತ್ತು.

“ಕಾಶಿ?” ಎಂದೆ.

“ಪಂಚೆ ಉಟ್ಕೊಳ್ಳಿ!” ಎಂದಳು.

ಹೆದರುವುದಕ್ಕೂ ಪುರುಸೊತ್ತಾಗಲಿಲ್ಲ. ಪಾದ ತೊಳೆದೆವು, ವಿಭೂತಿ ಹಚ್ಚಿದೆವು, ಬಿಲ್ವಪತ್ರೆ ಏರಿಸಿದೆವು. ಹೊಟ್ಟೆ ಗಪ್‌ಚಿಪ್. ನನ್ನ ಕರುಳನ್ನು ನನಗಿಂತ ಚೆನ್ನಾಗಿ ಬಲ್ಲ ಮಹಾತಾಯಿ ಇವಳು! ಹೃದಯ ತುಂಬಿ ಬಂದು ಅವಳ ಕಡೆ ತಿರುಗಿದೆ. ಅವಳ ಮುಖ ಬಿಳಿಚಿಕೊಂಡಿತ್ತು, ಹಣೆಯ ತುಂಬ ಬೆವರು.

“ಏನಾಯ್ತೇ?”

“ಹದಿನೈದು ದಿನದಿಂದ ಬುದ್ಧಿಯೋರ ಹೆಸರಲ್ಲಿ ಸುಳ್ಳು ಹೇಳ್ಕೊಂಡು ಬಂದಿದ್ದೀನಿ ಕಣ್ರೀ” ಎಂದು ಪಿಸುಗುಟ್ಟಿದವಳೇ ತಟ್ಟೆಯನ್ನು ನನ್ನ ಕೈಗೆ ತುರುಕಿ, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಹಿತ್ತಲಿಗೆ ಓಡಿದಳು.

ಅವಳ ತವರು ಇಡಿಯಾಗಿ ನನ್ನನ್ನೇ ನೋಡಿತು. ಸ್ವಾಮಿಗಳು ಶಾಂತವಾಗಿ, “ಇರಲಿ, ನೀವೊಬ್ಬರೇ ಮುಂದುವರಿಸಿ” ಎಂದರು.

ಒಬ್ಬನೇ! ಕರುಳು ಧಡಕ್ಕನೆ ಎದ್ದು ಕೂತಿತು. “ತಪ್ಪಾಯ್ತು ಬುದ್ಧೀ” ಎಂದು ಅಡ್ಡಬಿದ್ದವನು ಎದ್ದ ರಭಸಕ್ಕೇ ಓಡಿದೆ.

ನಮ್ಮ ಮನೆಗಿರುವುದು ಒಂದೇ ಕಕ್ಕಸು. ಒಳಗಿನಿಂದ ಚಿಲಕ ಬಿದ್ದಿತ್ತು.

“ಗಿರಿಜಾ, ಬೇಗ! ಬೇಗ ಕಣೇ!”

“ನಿಮ್ಮ ಪಾಲಿಂದೂ ಸೇರಿಸಿ ಹೆದರಿದ್ದೀನಿ ಕಣ್ರೀ,” ಒಳಗಿನಿಂದ ಉತ್ತರ ಬಂತು, “ಲೇಟಾಗುತ್ತೆ.”